ಕೇಳಿದವಳಿಗೆ ಜೈಲು, ಕೊಟ್ಟವನಿಗೆ ಚಪ್ಪಾಳೆ

2024ರ ನವೆಂಬರ್ 24 ಮತ್ತು 25ರಂದು ಕರ್ನಾಟಕದ ಅರ್ಧ ಜನ ಮೊಬೈಲಿನಿಂದ ಕಣ್ಣು ಕೀಳಲಿಲ್ಲ. ಐಪಿಎಲ್ ಹರಾಜು ನಡೆಯುತ್ತಿತ್ತು. ರಿಷಭ್ ಪಂತ್ 27 ಕೋಟಿಗೆ ಹೋದರು. ನಮ್ಮ ಆರ್‌ಸಿಬಿ ಯಾರನ್ನು ಎತ್ತಿಕೊಂಡಿತು, ಯಾರನ್ನು ಕೈಬಿಟ್ಟಿತು ಎಂಬುದರ ಮೇಲೆ ಹೋಟೆಲು, ಹಾಸ್ಟೆಲು, ಬಸ್ಸುಗಳಲ್ಲಿ ಜಗಳವೇ ನಡೆಯಿತು. ಹರಾಜು ನಡೆದದ್ದು ಬೆಂಗಳೂರಿನಲ್ಲಲ್ಲ, ಮುಂಬೈಯಲ್ಲೂ ಅಲ್ಲ. ಸೌದಿ ಅರೇಬಿಯದ ಜೆದ್ದಾದಲ್ಲಿ.

ಆ ನಗರದ ಉತ್ತರಕ್ಕೆ ದಹ್ಬಾನ್ ಎಂಬ ಜೈಲಿದೆ. ಹೆಂಗಸರಿಗೂ ಕಾರು ಓಡಿಸಲು ಬಿಡಿ ಎಂದು ವರ್ಷಗಟ್ಟಲೆ ಕೇಳಿದ ಹೆಂಗಸರನ್ನು 2018ರಲ್ಲಿ ಅಲ್ಲಿ ಕೂಡಿಹಾಕಿದ್ದರು. ಅವರಿಗೆ ಕರೆಂಟಿನ ಆಘಾತ ಕೊಟ್ಟರು, ಛಡಿಯಿಂದ ಹೊಡೆದರು, ಮುಖ ಮುಚ್ಚಿಕೊಂಡ ವಿಚಾರಣಾಧಿಕಾರಿಗಳು ಲೈಂಗಿಕ ಕಿರುಕುಳ ಕೊಟ್ಟರು ಎಂದು ಅದೇ ವರ್ಷದ ನವೆಂಬರಿನಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮತ್ತು ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿದವು. ಅದೆಲ್ಲ ಸುಳ್ಳು ಎಂದಿತು ಸೌದಿ ಸರ್ಕಾರ.

ಕ್ರಿಕೆಟ್ ನೋಡಬೇಡಿ ಎಂದು ಹೇಳಲು ನಾನು ಕುಳಿತಿಲ್ಲ. ಜೆದ್ದಾ ಎಂದಾಗ ಹರಾಜಿನ ಸಭಾಂಗಣದ ದೀಪಗಳ ಜೊತೆ ಆ ಜೈಲೂ ನೆನಪಾಗಬೇಕು. ಅದಕ್ಕಾಗಿ ಇಷ್ಟು ಬರೆಯುತ್ತಿದ್ದೇನೆ.

ನಮಗೂ ಆ ದೇಶಕ್ಕೂ ಇರುವ ನಂಟು ಕ್ರಿಕೆಟ್ಟಿಗಿಂತ ಹಳೆಯದು. 'ಹೌಸ್ ಡ್ರೈವರ್' ವೀಸಾ ಎಂದರೇನೆಂದು ನಮ್ಮ ಕರಾವಳಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಭಟ್ಕಳ, ಕುಂದಾಪುರ, ಮಂಗಳೂರು, ಬಂಟ್ವಾಳದ ಕಡೆಯಿಂದ ಗಲ್ಫಿಗೆ ಹೋದ ಎಷ್ಟೋ ಗಂಡಸರ ಅನ್ನದ ದಾರಿ ಅದು. ಅರಬ್ಬಿ ಮನೆಯ ಅಮ್ಮನನ್ನು ಪೇಟೆಗೆ, ಮಗಳನ್ನು ಕಾಲೇಜಿಗೆ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ಬಿಸಿಲಿನಲ್ಲಿ ಕಾರಿನ ಪಕ್ಕ ಕಾದು, ವಾಪಸು ತಂದುಬಿಡುವ ಕೆಲಸ. 2017ರಲ್ಲಿ ಸೌದಿ ಮನೆಗಳಲ್ಲಿದ್ದ ಇಂಥ ವಿದೇಶಿ ಡ್ರೈವರುಗಳ ಸಂಖ್ಯೆ 8 ಲಕ್ಷಕ್ಕೂ ಮೇಲೆ ಎಂದು ಪತ್ರಿಕೆಗಳು ಬರೆದಿದ್ದವು. ಅವರಲ್ಲಿ ಬಹಳಷ್ಟು ಜನ ದಕ್ಷಿಣ ಏಷ್ಯಾದವರು. ಅಷ್ಟು ಡ್ರೈವರುಗಳು ಏಕೆ ಬೇಕಾದರು? ಆ ಅಮ್ಮ, ಆ ಮಗಳು ಸ್ಟೇರಿಂಗ್ ಹಿಡಿಯುವಂತಿರಲಿಲ್ಲ, ಅದಕ್ಕೆ. ಅವಳಿಗೆ ಹಾಕಿದ ತಡೆಯೇ ನಮ್ಮವನಿಗೆ ಕೆಲಸವಾಯಿತು. ಆ ದುಡ್ಡಿನಲ್ಲಿ ನಮ್ಮೂರುಗಳಲ್ಲಿ ಮನೆ ಎದ್ದವು, ತಂಗಿಯರ ಮದುವೆಯಾಯಿತು.

ಇದರಲ್ಲಿ ಡ್ರೈವರಿನ ತಪ್ಪೇನೂ ಇಲ್ಲ. ಅವನ ಪಾಸ್‌ಪೋರ್ಟ್ ಕಫೀಲನ, ಅಂದರೆ ಅವನನ್ನು ಕೆಲಸಕ್ಕೆ ಕರೆಸಿಕೊಂಡ ಧಣಿಯ, ಕಪಾಟಿನಲ್ಲಿತ್ತು. ಕಫೀಲ ಒಪ್ಪದೆ ಅವನು ತಾಯಿಯ ಮಣ್ಣಿಗೂ ಊರಿಗೆ ಬರುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದವಳ ಪಾಡೂ ಹೆಚ್ಚು ಬೇರೆಯಲ್ಲ. ಅವಳಿಗೊಬ್ಬ ಪುರುಷ ಪೋಷಕ, ವಲಿ. ಮೊದಲು ಅಪ್ಪ, ಆಮೇಲೆ ಗಂಡ, ಗಂಡ ಸತ್ತರೆ ಕೆಲವೊಮ್ಮೆ ಅವಳೇ ಎತ್ತಾಡಿಸಿದ ಮಗ. ಆಗ ಅವನು ಸಹಿ ಹಾಕದೆ ಅವಳಿಗೆ ಪಾಸ್‌ಪೋರ್ಟ್ ಇರಲಿಲ್ಲ, ಪ್ರಯಾಣ ಇರಲಿಲ್ಲ, ಮದುವೆ ಇರಲಿಲ್ಲ. ಒಂದೇ ಕಾರಿನಲ್ಲಿ ಮುಂದೊಬ್ಬ, ಹಿಂದೊಬ್ಬಳು. ಇಬ್ಬರ ಪಾಸ್‌ಪೋರ್ಟೂ ಇನ್ಯಾವನೋ ಗಂಡಸಿನ ಮರ್ಜಿಯಲ್ಲಿ. ಗಲ್ಫಿನಲ್ಲಿ ದುಡಿದು ಬಂದ ನಮ್ಮವರಿಗೆ ಆ ಹೆಂಗಸರ ಕಥೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು ಎಂದು ನಾನು ನಂಬಿರುವುದು ಇದರಿಂದಲೇ.

ಕಥೆ ಶುರುವಾಗುವುದು 1990ರ ನವೆಂಬರ್ 6ರಂದು. ಇರಾಕ್ ಆಗಷ್ಟೇ ಕುವೈತನ್ನು ನುಂಗಿತ್ತು. ಸೌದಿಗೆ ಬಂದಿಳಿದ ಅಮೆರಿಕದ ಪಡೆಗಳಲ್ಲಿ ಹೆಂಗಸರೂ ಇದ್ದರು, ವಾಹನ ಓಡಿಸುತ್ತಿದ್ದರು. ರಿಯಾದಿನಲ್ಲಿ 47 ಹೆಂಗಸರು ಒಟ್ಟಾಗಿ, ಮನೆಯ ಡ್ರೈವರುಗಳನ್ನು ಇಳಿಸಿ, ತಾವೇ ಕಾರು ಓಡಿಸಿಕೊಂಡು ಸಾಲಾಗಿ ಹೋದರು. ಅವರಲ್ಲಿ ಪ್ರಾಧ್ಯಾಪಕಿಯರಿದ್ದರು, ಶಿಕ್ಷಕಿಯರಿದ್ದರು. ಪೊಲೀಸರು ಹಿಡಿದರು. ಪಾಸ್‌ಪೋರ್ಟ್ ಕಿತ್ತುಕೊಂಡರು, ಸರ್ಕಾರಿ ನೌಕರಿಯಲ್ಲಿದ್ದವರನ್ನು ಅಮಾನತು ಮಾಡಿದರು. ಮಸೀದಿಗಳ ವೇದಿಕೆಯಿಂದ ಅವರ ನಡತೆಯ ಮೇಲೆ ಕೆಸರು ಬಿತ್ತು. ಅಲ್ಲಿಯವರೆಗೆ ರೂಢಿಯಾಗಿದ್ದ ತಡೆ ಆಮೇಲೆ ಅಧಿಕೃತ ನಿಷೇಧವಾಯಿತು.

ಅವರು ಸುಮ್ಮನಾಗಲಿಲ್ಲ. 2008ರಲ್ಲಿ ವಜೀಹಾ ಅಲ್-ಹುವೈದರ್ ಕಾರು ಓಡಿಸುತ್ತಾ ಮಾತಾಡಿದ ವಿಡಿಯೊವನ್ನು ಮಹಿಳಾ ದಿನದಂದು ಜಗತ್ತಿಗೆ ತೋರಿಸಿದರು. 2011ರಲ್ಲಿ ಅರಾಮ್ಕೊ ಕಂಪನಿಯ ಕಂಪ್ಯೂಟರ್ ಉದ್ಯೋಗಿ ಮನಾಲ್ ಅಲ್-ಶರೀಫ್ ಕಾರು ಓಡಿಸಿ ಜೈಲು ಕಂಡರು. 2016ರಲ್ಲಿ ಪುರುಷ ಪೋಷಕತ್ವ ತೆಗೆದುಹಾಕಿ ಎಂದು 14 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯನ್ನು ನಿವೃತ್ತ ಪ್ರಾಧ್ಯಾಪಕಿ ಅಝೀಝಾ ಅಲ್-ಯೂಸೆಫ್ ಅರಮನೆಯ ಕಚೇರಿಗೆ ಕೊಡಲು ಹೋದರು. ಅಂಚೆಯಲ್ಲಿ ಕಳಿಸಿ ಎಂದರು ಅಲ್ಲಿಯವರು. ಅಝೀಝಾ ಅಂಚೆಯಲ್ಲಿ ಕಳಿಸಿದರು. ಇಷ್ಟು ವಿನಯದ ಚಳವಳಿಯನ್ನು ನಾನು ಕಂಡಿಲ್ಲ. ಕಲ್ಲು ತೂರಿದವರಿಲ್ಲ, ಬಸ್ಸು ಸುಟ್ಟವರಿಲ್ಲ, ರಾಜನನ್ನು ಇಳಿಸಿ ಎಂದವರೂ ಇಲ್ಲ.

ಲುಜೈನ್ ಅಲ್-ಹತ್ಲೂಲ್ ಈ ಸಾಲಿಗೆ ಸೇರಿದ ಕಿರಿಯ ಹೆಣ್ಣುಮಗಳು. ಹುಟ್ಟಿದ್ದು 1989ರಲ್ಲಿ. ಕೆನಡಾದಲ್ಲಿ ಫ್ರೆಂಚ್ ಸಾಹಿತ್ಯ ಓದಿ ಊರಿಗೆ ಬಂದವರು. 2014ರ ಡಿಸೆಂಬರಿನಲ್ಲಿ ಎಮಿರೇಟ್ಸ್‌ನ ಲೈಸೆನ್ಸ್ ಕೈಯಲ್ಲಿ ಹಿಡಿದು ಕಾರು ಓಡಿಸಿಕೊಂಡು ಸೌದಿ ಗಡಿಗೆ ಬಂದರು. ಕೊಲ್ಲಿ ದೇಶಗಳಲ್ಲಿ ಒಂದರ ಲೈಸೆನ್ಸ್ ಇನ್ನೊಂದರಲ್ಲಿ ನಡೆಯುತ್ತದೆ; ಹೆಂಗಸಿನದೂ ನಡೆಯುತ್ತದೆಯೇ ಎಂಬುದೊಂದೇ ಅವರ ಪ್ರಶ್ನೆ. ಗಡಿಯಲ್ಲೇ ಹಿಡಿದು 73 ದಿನ ಒಳಗಿಟ್ಟರು. ಪ್ರಕರಣ ಹೋದದ್ದು ಭಯೋತ್ಪಾದಕರನ್ನು ವಿಚಾರಿಸಲು ಕಟ್ಟಿದ ವಿಶೇಷ ನ್ಯಾಯಾಲಯಕ್ಕೆ.

2017ರ ಸೆಪ್ಟೆಂಬರ್ 26ರಂದು ರಾಜಾಜ್ಞೆ ಹೊರಟಿತು: ಮುಂದಿನ ಜೂನ್‌ನಿಂದ ಹೆಂಗಸರು ಕಾರು ಓಡಿಸಬಹುದು. ಯುವರಾಜ ಮೊಹಮ್ಮದ್ ಬಿನ್ ಸಲ್ಮಾನರ ಸುಧಾರಣೆ ಎಂದು ಜಗತ್ತು ಕೊಂಡಾಡಿತು. ಆ ದಿನವೇ, ಇದಕ್ಕಾಗಿ ಹೋರಾಡಿದ್ದ ಹೆಂಗಸರಿಗೆ ಫೋನ್ ಬಂದವು. ಪತ್ರಿಕೆಗಳ ಮುಂದೆ ಬಾಯಿ ಬಿಡಬೇಡಿ. ಖುಷಿಯನ್ನೂ ಹೇಳಬೇಡಿ.

2018ರ ಮಾರ್ಚಿನಲ್ಲಿ ಅಬುಧಾಬಿಯ ರಸ್ತೆಯಲ್ಲಿ ಲುಜೈನ್ ಅವರ ಕಾರನ್ನು ಅಡ್ಡಗಟ್ಟಿ, ವಿಮಾನ ಹತ್ತಿಸಿ ರಿಯಾದಿಗೆ ತಂದರು. ಮೇ 15ರಂದು ಮನೆಯಿಂದ ಬಂಧಿಸಿ ಒಯ್ದರು. ಅಂಚೆಯಲ್ಲಿ ಮನವಿ ಕಳಿಸಿದ್ದ ಅಝೀಝಾ ಅವರನ್ನೂ ಹಿಡಿದರು, ಬರಹಗಾರ್ತಿ ಇಮಾನ್ ಅಲ್-ನಫ್ಜಾನ್ ಅವರನ್ನೂ. 1990ರಲ್ಲಿ ಕಾರು ಓಡಿಸಿದ್ದ ಆಯಿಷಾ ಅಲ್-ಮಾನಾ, ಮದೀಹಾ ಅಲ್-ಅಜ್ರೂಶ್ ಅವರನ್ನೂ ಕೆಲವು ದಿನ ಒಳಗಿಟ್ಟರು. ಆಯಿಷಾ ಅವರಿಗೆ ಆಗ ಎಪ್ಪತ್ತರ ಸುಮಾರು ವಯಸ್ಸು. ಜುಲೈ ಕೊನೆಯಲ್ಲಿ ಹೋರಾಟಗಾರ್ತಿಯರಾದ ಸಮರ್ ಬದಾವಿ ಮತ್ತು ಖತೀಫ್‌ನ ನಸೀಮಾ ಅಲ್-ಸಾದಾ ಅವರ ಸರದಿ. ಸರ್ಕಾರದ ಪರವಾದ ಮಾಧ್ಯಮಗಳು ಬಂಧಿತರ ಫೋಟೊ ಹಾಕಿ ಮೇಲೆ 'ದ್ರೋಹಿ' ಎಂದು ಮುದ್ರೆ ಒತ್ತಿದವು.

ಈ ಬಂಧನಗಳು ನಡೆಯುತ್ತಿದ್ದಾಗಲೇ, ಜೂನ್ 24ರ ನಡುರಾತ್ರಿ ನಿಷೇಧ ತೆರವಾಯಿತು. ಹೆಂಗಸರು ನಗುತ್ತ ಕಾರು ಹತ್ತಿದ ಚಿತ್ರಗಳು ಎಲ್ಲ ದೇಶದ ಪತ್ರಿಕೆಗಳಲ್ಲೂ ಬಂದವು. ಆ ನಗುವಿಗಾಗಿ ಬೆವರು ಸುರಿಸಿದವರು ಆ ರಾತ್ರಿ ಸೆರೆಯಲ್ಲಿದ್ದರು.

ಕೊಡುವುದೇ ಆಗಿದ್ದರೆ ಕೇಳಿದವರನ್ನು ಹಿಡಿದದ್ದೇಕೆ? ಈ ಬರಹದಲ್ಲಿ ನನಗೆ ಮುಖ್ಯವಾದ ಪ್ರಶ್ನೆ ಇದೊಂದೇ. ಸ್ಟೇರಿಂಗ್ ಆ ಸರ್ಕಾರಕ್ಕೆ ಭಾರವಾಗಿರಲಿಲ್ಲ. ಎಣ್ಣೆಯ ಹೊರಗೆ ಆದಾಯ ಹುಡುಕುವ ಯೋಜನೆಗೆ ಹೆಂಗಸರು ಕೆಲಸಕ್ಕೆ ಬರಲೇಬೇಕಿತ್ತು, ಕೆಲಸಕ್ಕೆ ಬರಲು ರಸ್ತೆಗಿಳಿಯಲೇಬೇಕಿತ್ತು. ಅದಕ್ಕೆ ಭಾರವಾದದ್ದು ಕೇಳಿದ್ದರಿಂದ ಸಿಕ್ಕಿತು ಎಂಬ ಸುದ್ದಿ. ಇವತ್ತು ಕಾರು ಕೇಳಿ ಪಡೆದವರು ನಾಳೆ ಪೋಷಕತ್ವ ತೆಗೆಯಿರಿ ಎನ್ನುತ್ತಾರೆ, ನಾಡಿದ್ದು ಮತಪೆಟ್ಟಿಗೆ ಎಲ್ಲಿ ಎನ್ನುತ್ತಾರೆ. ಆದ್ದರಿಂದ ಎರಡು ಕೆಲಸ ಒಟ್ಟಿಗೆ ಆಗಬೇಕಿತ್ತು: ಕೊಡುವ ಕೈ ಎಲ್ಲರಿಗೂ ಕಾಣಬೇಕು, ಕೇಳಿದ ಬಾಯಿ ಯಾರಿಗೂ ಕೇಳಿಸಬಾರದು. ಗೇಯ್ದ ಒಕ್ಕಲನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿ, ಅವನೇ ಬೆಳೆದ ಭತ್ತವನ್ನು ಊರಿಗೆ ಹಂಚಿ ಧರ್ಮಪ್ರಭು ಎನಿಸಿಕೊಳ್ಳುವ ಧಣಿಯ ವಿದ್ಯೆ ಇದು. ಇದು ಗೊತ್ತಿಲ್ಲದ ಸೀಮೆ ನಮ್ಮಲ್ಲೂ ಇಲ್ಲ.

ಬದಲಾವಣೆಯೇ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. 2019ರಿಂದ 21 ದಾಟಿದ ಸೌದಿ ಹೆಂಗಸು ಯಾರ ಸಹಿಯೂ ಇಲ್ಲದೆ ಪಾಸ್‌ಪೋರ್ಟ್ ಪಡೆಯಬಹುದು. 2017ರಲ್ಲಿ ನೂರಕ್ಕೆ 17ರಷ್ಟಿದ್ದ ಹೆಂಗಸರ ದುಡಿಮೆಯ ಪಾಲು ಈಗ 35ರ ಆಸುಪಾಸಿದೆ. 2023ರಲ್ಲಿ ರಯಾನಾ ಬರ್ನಾವಿ ಬಾಹ್ಯಾಕಾಶಕ್ಕೆ ಹೋಗಿ ಬಂದರು. ಇವೆಲ್ಲ ನಿಜ, ಸಂತೋಷದ ವಿಷಯ. ಇವೇ ನಿಜಗಳನ್ನು ಎದುರಿಗಿಟ್ಟು ಜೈಲಿನ ಬಾಗಿಲನ್ನು ಮರೆಮಾಡುತ್ತಾರಲ್ಲ, ಅದನ್ನು ಒಪ್ಪಲಾಗದು.

ಲುಜೈನ್ ಮೇಲಿನ ಆರೋಪಗಳನ್ನೇ ನೋಡಿ. ವಿದೇಶಿ ಪತ್ರಕರ್ತರ ಜೊತೆ, ರಾಜತಾಂತ್ರಿಕರ ಜೊತೆ, ಮಾನವ ಹಕ್ಕು ಸಂಸ್ಥೆಗಳ ಜೊತೆ ಸಂಪರ್ಕ. ವಿಶ್ವಸಂಸ್ಥೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದು. ಹೌದು, ಅರ್ಜಿ ಹಾಕಿದ್ದೂ ಅಪರಾಧದ ಪಟ್ಟಿಯಲ್ಲಿತ್ತು. ಜೈಲಿಗೆ ಭೇಟಿಗೆ ಹೋದಾಗ ಮಗಳ ಕೈ ನಡುಗುತ್ತಿತ್ತು, ನೆಟ್ಟಗೆ ಕೂರಲಾಗುತ್ತಿರಲಿಲ್ಲ ಎಂದು ಮನೆಯವರು ಹೇಳಿದರು. ಸೆರೆ ಸೇರಿದ ಮುಂದಿನ ವರ್ಷ ಒಂದು ಅವಕಾಶ ಬಂತು. ನನಗೆ ಯಾರೂ ಹಿಂಸೆ ಕೊಟ್ಟಿಲ್ಲ ಎಂದು ಬರೆದುಕೊಟ್ಟು, ಕ್ಯಾಮೆರಾ ಮುಂದೆಯೂ ಹೇಳಿದರೆ ಬಿಡುಗಡೆ. ಆ ಕಾಗದವನ್ನು ಅವರು ಹರಿದು ಹಾಕಿದರು ಎನ್ನುತ್ತದೆ ಕುಟುಂಬ.

ಇಲ್ಲಿ ಸ್ವಲ್ಪ ನಿಲ್ಲಿ. ಮನೆ ಎದುರಿಗಿದೆ, ಅಪ್ಪ ಅಮ್ಮ ಕಾಯುತ್ತಿದ್ದಾರೆ, ಒಂದು ಸಹಿ ಹಾಕಿದರೆ ಮುಗಿಯಿತು. ಸಹಿ ಹಾಕಿದ್ದರೆ ನಾನಂತೂ ಅವರನ್ನು ದೂರುತ್ತಿರಲಿಲ್ಲ. ಜೈಲಿನಲ್ಲಿ ಕುಳಿತ ಹೆಂಗಸಿನಿಂದ ಧೈರ್ಯ ನಿರೀಕ್ಷಿಸುವ ಅಧಿಕಾರ ಸೋಫಾ ಮೇಲೆ ಕುಳಿತವರಿಗಿಲ್ಲ. ಆದರೂ ಅವರು ಹಾಕಲಿಲ್ಲ. ಆಮೇಲೆ ಒಳಗೆ ಉಪವಾಸ ಕುಳಿತರು. 2020ರ ನವೆಂಬರಿನಲ್ಲಿ ಜಿ-20 ಶೃಂಗಸಭೆಯ ಆತಿಥ್ಯ ಸೌದಿಯದು, ಮಹಿಳಾ ಸಬಲೀಕರಣ ಅದರ ಘೋಷಣೆಗಳಲ್ಲೊಂದು. ಅದೇ ತಿಂಗಳು ಲುಜೈನ್ ಪ್ರಕರಣ ಮತ್ತೆ ಭಯೋತ್ಪಾದನೆಯ ನ್ಯಾಯಾಲಯಕ್ಕೆ ವರ್ಗವಾಯಿತು. ಡಿಸೆಂಬರ್ 28ರಂದು 5 ವರ್ಷ 8 ತಿಂಗಳ ಶಿಕ್ಷೆ. ಅದರಲ್ಲಿ 2 ವರ್ಷ 10 ತಿಂಗಳು ಅಮಾನತಿನಲ್ಲಿ. 2021ರ ಫೆಬ್ರುವರಿ 10ರಂದು, 1001 ದಿನಗಳ ನಂತರ, ಹೊರಗೆ ಬಂದರು. ಹಿಂಸೆಯ ದೂರನ್ನು ಸಾಕ್ಷ್ಯವಿಲ್ಲವೆಂದು ನ್ಯಾಯಾಲಯ ತಳ್ಳಿಹಾಕಿತ್ತು. ಒಳಗೆ ನಡೆದದ್ದಕ್ಕೆ ಹೊರಗಿನಿಂದ ಸಾಕ್ಷಿ ತರುವುದು ಹೇಗೆ ಎಂದು ಆ ನ್ಯಾಯಾಧೀಶರು ಹೇಳಲಿಲ್ಲ.

ಬಿಡುಗಡೆಯಾದ ಮೇಲೂ ಅವರು ದೇಶ ಬಿಡುವಂತಿಲ್ಲ. ತೀರ್ಪಿನ ಪ್ರಕಾರದ ಪ್ರಯಾಣ ನಿಷೇಧದ ಅವಧಿ ತೀರಿದ ಮೇಲೂ ಗಡಿಯಲ್ಲಿ ತಡೆದರು ಎಂದು ಕುಟುಂಬ ಹೇಳಿದೆ. ಹೆತ್ತವರ ಮೇಲೂ ಅದೇ ನಿಷೇಧ. ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಬಿಡುಗಡೆಯಾದ ಲುಜೈನ್ ತಮ್ಮ ಐಫೋನನ್ನು ತಜ್ಞರಿಗೆ ಪರೀಕ್ಷೆಗೆ ಕೊಟ್ಟರು. ಅದರಲ್ಲಿ ಸಿಕ್ಕ ಕುರುಹಿನಿಂದಲೇ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಬೇಹುಗಾರಿಕೆಯ ಒಂದು ದಾರಿ ಬಯಲಾಯಿತು, ಆಪಲ್ ಕಂಪನಿ ಕೋರ್ಟಿಗೆ ಹೋಯಿತು. ಅದೇ 2021ರಲ್ಲಿ ಪೆಗಾಸಸ್ ವಿಷಯಕ್ಕೆ ನಮ್ಮ ಸಂಸತ್ತಿನಲ್ಲಿ ಎಷ್ಟು ಗದ್ದಲವಾಯಿತೆಂದು ನೆನಪಿರಬಹುದು. ಆ ಯಂತ್ರದ ಗುಟ್ಟು ಜಗತ್ತಿಗೆ ತಿಳಿಯಲು, ಪೊಲೀಸರ ಕಣ್ಗಾವಲಿನಲ್ಲೇ ಇದ್ದ ಒಬ್ಬ ಸೌದಿ ಹೆಂಗಸಿನ ಫೋನೂ ಕಾರಣ.

ಇದು 2018ಕ್ಕೆ ಮುಗಿದ ಕಥೆಯಾಗಿದ್ದರೆ ನಾನು ಈಗ ಬರೆಯುತ್ತಿರಲಿಲ್ಲ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಸಲ್ಮಾ ಅಲ್-ಶೆಹಾಬ್ ಎರಡು ಮಕ್ಕಳ ತಾಯಿ. ರಜೆಗೆ ಊರಿಗೆ ಬಂದಾಗ, 2021ರ ಜನವರಿಯಲ್ಲಿ ಹಿಡಿದರು. ಸೆರೆಯಲ್ಲಿದ್ದವರ ಬಿಡುಗಡೆ ಕೇಳುವ, ಅದರಲ್ಲೂ ಲುಜೈನ್ ಬಿಡುಗಡೆ ಕೇಳುವ ಟ್ವೀಟುಗಳನ್ನು ಹಂಚಿಕೊಂಡಿದ್ದರು. ಮೊದಲು 6 ವರ್ಷ ಶಿಕ್ಷೆಯಾಯಿತು. ಮೇಲ್ಮನವಿ ಹೋದರೆ ಇಳಿಯುವುದು ಲೋಕದ ರೂಢಿ. ಇಲ್ಲಿ 2022ರ ಆಗಸ್ಟಿನಲ್ಲಿ ಅದು 34 ವರ್ಷವಾಯಿತು. ಜಗತ್ತು ಕೂಗಿತು. 34 ಹೋಗಿ 27 ಆಯಿತು, ಆಮೇಲೆ 4ಕ್ಕೆ ಇಳಿಯಿತು, 2025ರ ಫೆಬ್ರುವರಿಯಲ್ಲಿ ಅವರು ಹೊರಬಂದರು. ನಾವು ಕೂಗಿದರೆ ಏನಾದೀತು ಎನ್ನುವವರು ಈ ಅಂಕಿಗಳನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಮನಾಹೆಲ್ ಅಲ್-ಒತೈಬಿಯ ಕಥೆ ಇನ್ನೂ ಕರುಳು ಹಿಂಡುತ್ತದೆ. ಅವರು ಫಿಟ್‌ನೆಸ್ ತರಬೇತಿ ಕೊಡುತ್ತಿದ್ದ ಯುವತಿ. 2018ರ ಮಾರ್ಚಿನಲ್ಲಿ ಯುವರಾಜರು ಅಮೆರಿಕದ ಟಿವಿಯಲ್ಲಿ, ಹೆಂಗಸರು ಕಪ್ಪು ಅಬಾಯಾ ತೊಡಲೇಬೇಕೆಂದಿಲ್ಲ, ಮರ್ಯಾದೆಯ ಉಡುಪು ಯಾವುದೆಂದು ಅವರೇ ತೀರ್ಮಾನಿಸಲಿ ಎಂದರು. ಮನಾಹೆಲ್ ಆ ಮಾತನ್ನು ನಂಬಿದರು. 2019ರಲ್ಲಿ ಜರ್ಮನಿಯ ಡಾಯ್ಚ ವೆಲ್ಲೆಗೆ ಸಂದರ್ಶನ ಕೊಟ್ಟು, ಯುವರಾಜರು ಹೇಳಿದ ಹಾಗೆ ನನಗಿಷ್ಟ ಬಂದಂತೆ ಉಡುತ್ತಿದ್ದೇನೆ ಎಂದು ಖುಷಿಪಟ್ಟರು. 2022ರ ನವೆಂಬರಿನಲ್ಲಿ ಬಂಧನ. ಅಬಾಯಾ ಇಲ್ಲದೆ ಅಂಗಡಿಗೆ ಹೋದದ್ದು, ಪೋಷಕತ್ವ ಕೊನೆಯಾಗಲಿ ಎಂದು ಬರೆದದ್ದು, ಇವು ಅಪರಾಧ. 2024ರ ಜನವರಿ 9ರಂದು, ಗುಟ್ಟಾಗಿ ನಡೆದ ವಿಚಾರಣೆಯ ಕೊನೆಗೆ, ಅದೇ ಭಯೋತ್ಪಾದನೆಯ ನ್ಯಾಯಾಲಯ 11 ವರ್ಷ ಶಿಕ್ಷೆ ಕೊಟ್ಟಿತು. ಅದನ್ನು ಆಮೇಲೆ ತಗ್ಗಿಸಲಾಗಿದೆ. ಅಪರಾಧಿಯೆಂಬ ಮುದ್ರೆ ಅಳಿಸಿಲ್ಲ. ರಾಜರ ಮಾತನ್ನು ಧಿಕ್ಕರಿಸಿದ್ದಕ್ಕೆ ಶಿಕ್ಷೆಯಾದ ಕಥೆಗಳು ನಮಗೆ ಬೇಕಾದಷ್ಟು ಗೊತ್ತು. ಈ ಹುಡುಗಿ ಒಳಗೆ ಹೋದದ್ದು ರಾಜರ ಮಾತನ್ನು ನಿಜವೆಂದುಕೊಂಡು.

ಈಗ ನಮ್ಮ ಕಡೆಗೆ ಬರೋಣ.

2024ರ ಮಾರ್ಚ್ 17ರಂದು ಆರ್‌ಸಿಬಿಗೆ ಮೊದಲ ಕಪ್ ಬಂತು. ತಂದವರು ಸ್ಮೃತಿ ಮಂಧಾನ ಮತ್ತು ಗೆಳತಿಯರು. ಗಂಡಸರ ತಂಡ ಅಷ್ಟು ವರ್ಷ ಒದ್ದಾಡಿದರೂ ಆಗದ್ದನ್ನು ಹೆಂಗಸರು ಮಾಡಿದರು ಎಂದು ನಾವೆಲ್ಲ ಬೀಗಿದೆವು. ಅದಾಗಿ ಹತ್ತು ದಿನಕ್ಕೆ, ಮಾರ್ಚ್ 27ರಂದು, ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಿಳಾ ಸ್ಥಾನಮಾನ ಆಯೋಗ ತನ್ನ ಮುಂದಿನ ಅಧಿವೇಶನಕ್ಕೆ ಅಧ್ಯಕ್ಷರನ್ನು ಆರಿಸಿತು. ಲೋಕದ ಹೆಂಗಸರ ಸಮಾನತೆಗೆಂದೇ ಇರುವ ಆಯೋಗ ಅದು. ಅದರ ಅಧ್ಯಕ್ಷ ಸ್ಥಾನ ಸೌದಿ ಅರೇಬಿಯಕ್ಕೆ, ಅವಿರೋಧವಾಗಿ. ಆಯೋಗದಲ್ಲಿ 45 ದೇಶಗಳಿದ್ದವು. ಆಕ್ಷೇಪಣೆ ಇದೆಯೇ ಎಂದು ಕೇಳಿದಾಗ ಒಬ್ಬರೂ ಬಾಯಿ ತೆರೆಯಲಿಲ್ಲ. 2021ರಿಂದ ನಾಲ್ಕು ವರ್ಷದ ಅವಧಿಗೆ ಆಯ್ಕೆಯಾಗಿ ಭಾರತವೂ ಆ ಆಯೋಗದಲ್ಲಿತ್ತು. ಮನಾಹೆಲ್‌ಗೆ ಶಿಕ್ಷೆಯಾಗಿ ಆಗ ಮೂರು ತಿಂಗಳೂ ಕಳೆದಿರಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಜೆದ್ದಾದ ಹರಾಜು. ಡಿಸೆಂಬರ್ 11ರಂದು ಫಿಫಾ 2034ರ ವಿಶ್ವಕಪ್ಪನ್ನು ಸೌದಿಗೆ ಕೊಟ್ಟಿತು. ಎದುರಿಗೆ ಬೇರೆ ದೇಶವಿರಲಿಲ್ಲ. ಮತ ಎಣಿಸಲೂ ಇಲ್ಲ, ಪರದೆಯ ಮೇಲೆ ಕಂಡ ಪ್ರತಿನಿಧಿಗಳು ಚಪ್ಪಾಳೆ ತಟ್ಟಿ ಒಪ್ಪಿಗೆ ಕೊಟ್ಟರು. ಆ ಚಪ್ಪಾಳೆಗೆ ಬೆಲೆ ಇದೆ. ಜೈಲು ಕಾಣದಂತೆ ಮಾಡುವುದು ಅದರ ಕೆಲಸ. ನಾವು ಉಚಿತವಾಗಿ ತಟ್ಟುತ್ತಿದ್ದೇವೆ.

ಈ ಲೇಖನ ಓದಿ ಒಳಗೊಳಗೇ ಹಿಗ್ಗುವವರು ಕೆಲವರಿರುತ್ತಾರೆ. ನೋಡಿ, ಅವರ ಧರ್ಮವೇ ಹಾಗೆ ಎಂದು ಪಕ್ಕದ ಬೀದಿಯವರ ಕಡೆ ಬೆರಳು ತೋರಲು ಕಾಯುತ್ತಿರುವವರು. ಅವರಿಗೆ ನೇರವಾಗಿ ಹೇಳುತ್ತೇನೆ: ಈ ಹೆಂಗಸರ ನೋವು ನಿಮ್ಮ ಕೈಗೆ ಕಲ್ಲಾಗಲು ಒಪ್ಪುವುದಿಲ್ಲ. ಢಾಕಾ, ಜಕಾರ್ತಾ, ಕೈರೋಗಳಲ್ಲಿ ಮುಸ್ಲಿಂ ಹೆಂಗಸರು ಕಾರು ಓಡಿಸುತ್ತಲೇ ಇದ್ದರು. ಸೌದಿಯಲ್ಲಿ ಸೆರೆ ಹೋದವರೂ ಮುಸ್ಲಿಮರೇ, ಅವರಲ್ಲಿ ದೈವಭಕ್ತೆಯರೂ ಇದ್ದಾರೆ. ಅವರನ್ನು ಹಿಡಿದದ್ದು ಪ್ರಶ್ನೆಗೆ ಹೆದರಿದ ಸರ್ಕಾರ. ಅಂಥ ಸರ್ಕಾರಕ್ಕೆ ಯಾವ ಧರ್ಮದ ವೇಷವೂ ಒಪ್ಪುತ್ತದೆ, ಸಂವಿಧಾನದ ವೇಷವೂ ಒಪ್ಪುತ್ತದೆ.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲಾಗಿತ್ತು. 'ಸಂಸ್ಕಾರ' ಸಿನಿಮಾದ ಚಂದ್ರಿಯಾಗಿ ನಾವೆಲ್ಲ ಕಂಡ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರ ಮೇ 2ರಂದು ಬಂಧಿಸಿ ಅಲ್ಲಿಟ್ಟರು. ಬರೋಡಾ ಡೈನಮೈಟ್ ಪ್ರಕರಣದ ನೆಪ. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಉಬ್ಬಸದ ರೋಗಿಗೆ ಸರಿಯಾದ ಔಷಧೋಪಚಾರವಿಲ್ಲದೆ ಎಂಟು ತಿಂಗಳು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಬಿಟ್ಟರು. 20ರಂದು ತೀರಿಕೊಂಡರು. ಆಗ ಬೆಂಗಳೂರಿನ ಸಭ್ಯರು ಎಷ್ಟು ಮಂದಿ ಮಾತಾಡಿದರು? ಇನ್ನೂ ಇತ್ತೀಚೆಗೆ, 2020ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ಬಂಧಿಸಿದ ಗುಲ್ಫಿಶಾ ಫಾತಿಮಾ ಎಂಬ ಯುವತಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟದ್ದು 2026ರ ಜನವರಿಯಲ್ಲಿ. ಐದು ವರ್ಷ ದಾಟಿದರೂ ವಿಚಾರಣೆ ಮುಗಿದಿರಲಿಲ್ಲ. ಜೆದ್ದಾದ ಜೈಲಿನ ಬಗ್ಗೆ ಮಾತಾಡುವವರಿಗೆ ಈ ಹೆಸರುಗಳೂ ಬಾಯಿಗೆ ಬರಬೇಕು. ಈ ಹೆಸರುಗಳನ್ನು ಹೇಳುವವರಿಗೆ ಲುಜೈನ್, ಮನಾಹೆಲ್ ಹೆಸರುಗಳೂ. ಒಂದನ್ನು ನುಂಗಿ ಇನ್ನೊಂದನ್ನು ಕೂಗುವವರನ್ನು ನಾನು ನಂಬುವುದಿಲ್ಲ, ಅವರು ಯಾವ ಬಣದವರೇ ಆಗಿರಲಿ.

ಕೇಳುವುದು ಏನನ್ನು, ಯಾರನ್ನು? ಮೊದಲು ಹೇಳಿಬಿಡುತ್ತೇನೆ: ಜುಬೈಲ್, ದಮ್ಮಾಮ್, ರಿಯಾದ್, ಜೆದ್ದಾಗಳಲ್ಲಿ ದುಡಿಯುತ್ತಿರುವ ಕನ್ನಡಿಗರಿಗೆ ಈ ಕರೆ ಅಲ್ಲ. ಟ್ವೀಟುಗಳಿಗೆ ತಮ್ಮ ದೇಶದ ಮಗಳಿಗೇ 34 ವರ್ಷ ಕೊಟ್ಟವರು ಇಕಾಮಾ (ವಾಸದ ಪರವಾನಗಿ) ಹಿಡಿದು ನಿಂತ ಕೂಲಿಯನ್ನು ಏನು ಮಾಡಬಲ್ಲರೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರು ಸುಮ್ಮನಿರಲಿ, ಕ್ಷೇಮವಾಗಿರಲಿ. 2021ರಲ್ಲಿ ಕಫೀಲ ಬದಲಿಸುವ, ಊರಿಗೆ ಹೋಗುವ ಸ್ವಾತಂತ್ರ್ಯ ಕೊಟ್ಟೆವು ಎಂದು ಆ ಸರ್ಕಾರ ಸಾರಿದಾಗ ಮನೆಗೆಲಸದವರನ್ನೂ ಹೌಸ್ ಡ್ರೈವರುಗಳನ್ನೂ ಆ ಪಟ್ಟಿಯಿಂದ ಹೊರಗಿಟ್ಟಿತು ಎಂಬುದನ್ನು ಅವರು ಮರೆತಿಲ್ಲ.

ಕರೆ ಇಲ್ಲಿರುವ ನಮಗೆ. ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರು, ಉತ್ತರ ಕನ್ನಡ ಕ್ಷೇತ್ರಗಳ ಮತದಾರರೇ, ಗಲ್ಫಿನ ದುಡ್ಡಿನಿಂದ ಬೆಳೆದ ಊರುಗಳು ನಿಮ್ಮವು. ಮೊದಲ ಪತ್ರ ನಿಮ್ಮಿಂದ ಹೋಗಲಿ. ನಿಮ್ಮ ಸಂಸದರಿಗೆ ಬರೆಯಿರಿ. 2024ರ ಮಾರ್ಚ್ 27ರಂದು ಮಹಿಳಾ ಸ್ಥಾನಮಾನ ಆಯೋಗದಲ್ಲಿ ಭಾರತ ಏಕೆ ಸುಮ್ಮನಿತ್ತು ಎಂದು ಸದನದಲ್ಲಿ ಕೇಳಲು ಹೇಳಿ. ಆರ್‌ಸಿಬಿ ಅಭಿಮಾನಿಗಳೇ, ತಂಡದ ಆಯ್ಕೆಯ ಮೇಲೆ ಹಗಲುರಾತ್ರಿ ಬರೆಯುವ ನಿಮಗೆ ಕ್ರಿಕೆಟ್ ಮಂಡಳಿಗೆ ನಾಲ್ಕು ಸಾಲು ಬರೆಯುವುದು ಕಷ್ಟವಲ್ಲ: ಮುಂದೆ ಹರಾಜನ್ನು ಎಲ್ಲಿ ಮಾಡುತ್ತೀರಿ, ಅಲ್ಲಿನ ಸೆರೆಯಾಳುಗಳ ಬಗ್ಗೆ ಒಂದು ಮಾತಾದರೂ ಆಡುತ್ತೀರಾ? ಪತ್ರಿಕೆಗಳಲ್ಲಿ, ಯೂಟ್ಯೂಬಿನಲ್ಲಿ ಸೌದಿಯ ಹೊಸ ಮುಖ ತೋರಿಸುವ ಗೆಳೆಯರೇ, ಅದನ್ನೂ ತೋರಿಸಿ, ಜೊತೆಗೆ ಈ ಹೆಸರುಗಳನ್ನೂ ಹೇಳಿ. ಕಾಲೇಜಿನಲ್ಲಿ ಮಾರ್ಚ್ 8ರ ಮಹಿಳಾ ದಿನದ ಕಾರ್ಯಕ್ರಮಕ್ಕೆ ಭಾಷಣಕಾರರನ್ನು ಹುಡುಕುವ ಅಧ್ಯಾಪಕಿಯರೇ, ಮದುವೆಗೆ ಪುರುಷ ಪೋಷಕ ಬೇಕೇಬೇಕೆಂದು ಬರೆದಿಟ್ಟ ಕಾನೂನನ್ನು ಸೌದಿ ಹೊರಡಿಸಿದ್ದು 2022ರ ಮಾರ್ಚ್ 8ರಂದೇ. ಹುಡುಗಿಯರಿಗೆ ಅದನ್ನು ತಿಳಿಸಿ.

ಪತ್ರದಲ್ಲಿ ಏನು ಬರೆಯಬೇಕೆಂದು ತಡಕಾಡಬೇಕಿಲ್ಲ. ಮನಾಹೆಲ್ ಅಲ್-ಒತೈಬಿಯ ಮೇಲಿನ ಶಿಕ್ಷೆ ರದ್ದಾಗಬೇಕು. ಲುಜೈನ್ ಅಲ್-ಹತ್ಲೂಲ್ ಮತ್ತು ಅವರ ಹೆತ್ತವರು ಎಲ್ಲಿಗೆ ಬೇಕಾದರೂ ಹೋಗಿಬರಲು ಬಿಡಬೇಕು. ದಹ್ಬಾನ್‌ನಲ್ಲಿ ನಡೆದದ್ದರ ಬಗ್ಗೆ ಹೊರಗಿನವರಿಂದ ತನಿಖೆಯಾಗಬೇಕು. ನಿಮ್ಮ ಹೆಸರು, ಊರು ಬರೆದು ಸಹಿ ಹಾಕಿ, ಈ ವಾರವೇ ಕಳಿಸಿ.